ಅಂಗಾಲು ನೋಡುವ ಅತ್ತೆ

ನಮ್ಮ ಸೋದರತ್ತೆಗೆ ಯಾರ ಮುಖವೂ ನೆನಪಿರುವುದಿಲ್ಲ. ಅಂಗಾಲು ತೋರಿಸಿ ನೋಡಿ, ಹೆಸರು, ಊರು, ಯಾರ ಮಗ ಎಂಬುದರ ಸಮೇತ ಹೇಳಿಬಿಡುತ್ತಾರೆ!

ಹಾಗಂತ ಅವರು ಪಾದ ನೋಡಿ ಭವಿಷ್ಯ ಹೇಳುವವರಲ್ಲ. ಬೆಂಗಳೂರಿನ ಲ್ಯಾಬಿನಲ್ಲಿ ಆಯುಷ್ಯವನ್ನೆಲ್ಲ ಮೆಲನೋಮದ ಹಿಂದೆ ಕಳೆದ ವಿಜ್ಞಾನಿ. ಮೆಲನೋಮ ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಕ್ಯಾನ್ಸರ್. ಬಿಳಿ ತೊಗಲಿನವರಿಗೆ ಹೆಚ್ಚಾಗಿ ಬಿಸಿಲು ಬಿದ್ದ ಕಡೆ ಬರುತ್ತದಂತೆ. ನಮ್ಮಂಥವರಿಗೆ ಬರುವುದೇ ಅಪರೂಪ. ಬಂದರೆ ಎಷ್ಟೋ ಸಲ ಅಂಗಾಲಿನಲ್ಲೋ ಉಗುರಿನ ಕೆಳಗೋ ಕಳ್ಳನ ಹಾಗೆ ಕೂತಿರುತ್ತದೆ. ಬೇಗ ಕಂಡರೆ ಕತ್ತರಿಸಿ ತೆಗೆಯಬಹುದು. ಆದರೆ ತಮ್ಮ ಅಂಗಾಲನ್ನು ತಾವೇ ಯಾರು ನೋಡಿಕೊಳ್ಳುತ್ತಾರೆ ಹೇಳಿ? ಅದಕ್ಕೇ ಎಲ್ಲರ ಪರವಾಗಿ ಅತ್ತೆಯೇ ನೋಡುತ್ತಾರೆ.

ಕೆಂಗಲ್‌ನಲ್ಲಿ ನನ್ನ ತಂಗಿಯ ಮದುವೆ. ಅತ್ತೆ ನೆಟ್ಟಗೆ ಹೋಗಿ ಮದುಮಗನ ಕಾಲಿಗೇ ಬಗ್ಗಿದರು.

"ಅಯ್ಯೋ, ನೀವು ದೊಡ್ಡೋರು!" ಎಂದು ಹುಡುಗ ಹೌಹಾರಿದ.

"ಇರ್ಲಿ ಬುಡಪ್ಪ, ಒಸಿ ಎಡಗಾಲು ಎತ್ತು."

ಇಷ್ಟು ಓದಿದ್ದರೂ ಎಂಥಾ ವಿನಯ ಎಂದು ಬೀಗರೆಲ್ಲ ಕರಗಿಹೋದರು. ಅತ್ತೆ ನನ್ನ ಕಿವಿಯಲ್ಲಿ, "ಹುಡುಗ ಪರವಾಗಿಲ್ಲ, ಹಿಮ್ಮಡಿ ಮಾತ್ರ ಒಡೆದೈತೆ" ಎಂದರು. ಜಾತಕದಲ್ಲಿ ಇದೊಂದು ಬಂದಿರಲಿಲ್ಲ!

ಪರದೇಶದ ಸಮ್ಮೇಳನಗಳಲ್ಲಿ ಅವರು ತೋರಿಸಿದ ಚಿತ್ರಗಳೆಲ್ಲ ನಮ್ಮ ಸುತ್ತಿನ ರೈತರನ್ನು ಕೇಳಿ ತೆಗೆದ ಅಂಗಾಲಿನ ಫೋಟೋಗಳು. ಪಾಸ್‌ಪೋರ್ಟ್ ಇಲ್ಲದೆ ನಮ್ಮೂರ ಕಾಲುಗಳು ಲೋಕ ಸುತ್ತಿದ್ದು ಹೀಗೆ. ಅವರ ಕೈಕೆಳಗೆ ಕಲಿತವರು ಈಗ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿದ್ದಾರೆ. ಎಲ್ಲರಿಗೂ ಅದೇ ಚಾಳಿ. ಅಂಥ ಒಬ್ಬ ಶಿಷ್ಯರಿಗೆ ಕೆನ್ನೆಯ ಗುಳ್ಳೆ ತೋರಿಸಲು ಹೋದರೆ ಮೊದಲ ಮಾತೇ "ಚಪ್ಪಲಿ ಬಿಡಿ." ಡಾಕ್ಟರ ಹತ್ತಿರ ಬಂದೆನೋ ಆಂಜನೇಯನ ಗುಡಿಗೆ ಬಂದೆನೋ?

ಇಷ್ಟೆಲ್ಲ ಇದ್ದೂ ಅತ್ತೆಗೆ ಅಂಗಾಲು ತೋರಿಸದವರು ಒಬ್ಬರೇ: ಅವರ ಸ್ವಂತ ಅಣ್ಣ, ಅಂದರೆ ನಮ್ಮಪ್ಪ. ದೊಡ್ಡಮಳೂರಿನ ಬಳಿ ಹಿಪ್ಪುನೇರಳೆ ಬೆಳೆಯುವ ಅಪ್ಪ ಹೊಲಕ್ಕೆ ಚಪ್ಪಲಿಯನ್ನೂ ಹಾಕಿದವರಲ್ಲ. ಅಂಥವರು ಹೋದ ವರ್ಷದ ಗೌರಿ ಹಬ್ಬಕ್ಕೆ ಪಂಚೆಯ ಕೆಳಗೆ ಸಾಕ್ಸ್ ಹಾಕಿಕೊಂಡು ಕೂತಿದ್ದರು! ಬಾಗಿನ ತಗೊಳ್ಳಲು ಬಂದ ಅತ್ತೆ ಅದನ್ನು ಕಂಡದ್ದೇ ನಗು ನಿಲ್ಲಿಸಿದರು.

"ಬಾಗಿನ ಅಂಗಿರ್ಲಿ. ಕಾಲು ತೋರ್ಸಣ್ಣ."

"ಜಾಲಿಮುಳ್ಳು ಚುಚ್ಚಿತ್ತು ಕಣಮ್ಮಿ, ಕಪ್ಪಗೆ ಕಲೆ ಉಳ್ಕಂಡೈತೆ. ಹಬ್ಬದ ದಿನ ಕಾಲಡಿ ತೋರ್ಸಾರಾ? ಸೀರೆ ತಗೋ."

"ಸೀರೆ ಬ್ಯಾಡ. ಈ ಸಲ ತವರಿನ ಬಾಗಿನ ಅಂದ್ರೆ ನಿನ್ನ ಕಾಲೇಯ."

ಗೌರಿ ಹಬ್ಬದಲ್ಲಿ ಮನೆ ಮಗಳನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಅಪ್ಪ ಸಾಕ್ಸ್ ಕಳಚಿದರು. ಊರವರ ಅಂಗಾಲನ್ನು ಕಣ್ಣು ಮಿಟುಕಿಸುವುದರೊಳಗೆ ನೋಡಿ ಮುಗಿಸುವ ಅತ್ತೆ, ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕಲೆಯ ಅಂಚನ್ನೇ ಮತ್ತೆ ಮತ್ತೆ ಬೆರಳಿನಿಂದ ಸವರಿ ನೋಡಿದರು. ನನಗೆ ಭಯವಾಯಿತು.

ಅದು ಮುಳ್ಳಿನ ಕಲೆಯಾಗಿರಲಿಲ್ಲ. ಪುಣ್ಯಕ್ಕೆ ಇನ್ನೂ ಆಳಕ್ಕೆ ಇಳಿದಿರಲಿಲ್ಲ. ಅತ್ತೆಯ ಶಿಷ್ಯರೊಬ್ಬರೇ ಕತ್ತರಿಸಿ ತೆಗೆದರು. ಅಪ್ಪ ಈಗ ಸ್ವಲ್ಪ ಕುಂಟುತ್ತಾರೆ, ಅಷ್ಟೇ.

ಈ ವರ್ಷದ ಹಬ್ಬದಲ್ಲಿ ಅತ್ತೆ ಬಂದವರೇ ಅಪ್ಪನ ಕಾಲಿಗೆ ಬಿದ್ದರು. ಬಿದ್ದವರು ಏಳಲೇ ಇಲ್ಲ.

"ಇನ್ನೂ ಎಷ್ಟೊತ್ತು ನೋಡೀಯಮ್ಮಿ? ಏನೂ ಇಲ್ಲ, ಏಳು" ಎಂದರು ಅಪ್ಪ.

ಅತ್ತೆ ತಲೆ ಎತ್ತಲಿಲ್ಲ. "ನೋಡ್ತಾ ಇಲ್ಲ ಕಣಣ್ಣ, ನಮಸ್ಕಾರ ಮಾಡ್ತಾ ಇವ್ನಿ" ಎಂದರು.