ಅಂಜಯ್ಯನ ರಜೆ ಮತ್ತು ನನ್ನ ಇಂಗ್ಲಿಷು

ಇಂಗ್ಲಿಷಿನ ನಾಮಪದಗಳ ಮೇಲೆ ನನಗೆ ಯಾವ ದೂರೂ ಇಲ್ಲ. ಟೇಬಲ್ ಅಂದರೆ ಟೇಬಲ್, ಟಿಕೆಟ್ ಅಂದರೆ ಟಿಕೆಟ್, ಇಟ್ಟಲ್ಲಿ ಇರುತ್ತವೆ. ನನ್ನ ಜೀವ ತಿಂದಿರುವುದು ಆ ಭಾಷೆಯ ಕ್ರಿಯಾಪದಗಳು. ಒಂಟಿಯಾಗಿರುವಾಗ ಬಲು ಸಾಧು. ಪಕ್ಕದಲ್ಲಿ ಒಂದು ಹಿಮ್ಮೋ ಹರ್ರೋ ಬಂದು ಕೂತಿತೆಂದರೆ ಗುರುತೇ ಸಿಗದ ಹಾಗೆ ಬದಲಾಗಿಬಿಡುತ್ತವೆ. ಕನ್ನಡದಲ್ಲಿ ಅವನನ್ನು, ಅವನಿಗೆ ಎಂದು ವಿಭಕ್ತಿ ಹಚ್ಚಿ ವಾಕ್ಯದ ಯಾವ ಮೂಲೆಗೆ ಎಸೆದರೂ ಅವನು ಅವನೇ. ಇಂಗ್ಲಿಷಿನಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ಮಡಿಯೂಟದ ಪಂಕ್ತಿಗಿಂತ ಕಟ್ಟುನಿಟ್ಟು.

ನನಗೆ ಇದು ವ್ಯಾಕರಣದ ಪ್ರಶ್ನೆಯಲ್ಲ, ಹೊಟ್ಟೆಪಾಡಿನ ಪ್ರಶ್ನೆ. ಕಲಬುರಗಿಯಿಂದ ಬಂದು ಹೈದರಾಬಾದಿನ ಬೇಗಂ ಬಜಾರಿನ ಲಾರಿ ಆಫೀಸಿನಲ್ಲಿ ಹನ್ನೆರಡು ವರ್ಷ ಗುಮಾಸ್ತನಾಗಿದ್ದೆ. ಅಲ್ಲಿ ಹಿಂದಿಯಲ್ಲಿ ಕೂಗುವುದು ಬಂದರೆ ಸಾಕಿತ್ತು. ಆಮೇಲೆ ಗಚ್ಚಿಬೌಲಿಯ ಬಂಡೆಗಳನ್ನು ಒಡೆದು ಒಡೆದು ಗಾಜಿನ ಕಟ್ಟಡ ಎಬ್ಬಿಸುವ ಕಾಲ ಬಂತು. ಅಂಥದೊಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕ್ಯಾಬುಗಳ ಉಸ್ತುವಾರಿ ಸಿಕ್ಕಿತು. ನಲವತ್ತು ಕಾರು, ನಲವತ್ತು ಡ್ರೈವರು, ಒಂದು ಕಂಪ್ಯೂಟರು. ಕೂಗುವಂತಿಲ್ಲ, ಎಲ್ಲವೂ ಇಂಗ್ಲಿಷ್ ಇ-ಮೇಲಿನಲ್ಲೇ ಆಗಬೇಕು.

ಮೊದಲ ವಾರ ‘ಪಿಕ್ ಅಪ್ ಹರ್’ ಎಂದು ಬರೆದೆ. ನನ್ನ ಮ್ಯಾನೇಜರು, ಇಪ್ಪತ್ತೆಂಟರ ಹುಡುಗ, ಕುರ್ಚಿ ಎಳೆದುಕೊಂಡು ಬಂದು ಕೂತ. ‘ಪಿಕ್ ಅಪ್ ದ ಮೇಡಂ’ ಸರಿಯಂತೆ. ‘ಪಿಕ್ ದ ಮೇಡಂ ಅಪ್’ ಕೂಡ ಸರಿಯಂತೆ. ಆದರೆ ಮೇಡಮ್ಮು ಹರ್ ಆದ ಕೂಡಲೇ ಪಿಕ್ಕಿಗೂ ಅಪ್ಪಿಗೂ ನಡುವೆಯೇ ಕೂರಬೇಕಂತೆ. ಯಾಕೆ ಎಂದು ಹಿಂದಿಯಲ್ಲಿ ಕೇಳಿದೆ. ಅದು ಹಾಗೇ, ಎಂದ. ಅಂದಿನಿಂದ ನಾನು ಹಿಮ್ಮು, ಹರ್ರು, ಇಟ್ಟು ಯಾವುದು ಕಂಡರೂ ಹಿಡಿದು ನಡುವೆ ಕೂರಿಸತೊಡಗಿದೆ.

ನನ್ನ ಡ್ರೈವರುಗಳಲ್ಲಿ ಅಂಜಯ್ಯ ಎಂಬುವನಿದ್ದ. ಸದ್ದಿಲ್ಲದ ಮನುಷ್ಯ, ಒಂದು ದಿನವೂ ತಡ ಮಾಡಿದವನಲ್ಲ. ಮಗಳ ನಿಶ್ಚಿತಾರ್ಥಕ್ಕೆ ಊರಿಗೆ ಹೋಗಬೇಕು, ನಾಲ್ಕು ದಿನ ರಜೆ ಬೇಕು ಎಂದ. ಹೋಗಿ ಬಾ ಎಂದೆ. ಡ್ರೈವರು ರಜೆ ಹೋದರೆ ಸಿಬ್ಬಂದಿ ವಿಭಾಗಕ್ಕೆ ತಿಳಿಸಬೇಕೆಂಬ ನಿಯಮವಿತ್ತು. ‘ಅಂಜಯ್ಯ ಈಸ್ ಎ ಗುಡ್ ಡ್ರೈವರ್. ಟುಡೇ ಐ ಹ್ಯಾವ್ ಲೆಟ್ ಹಿಮ್ ಗೋ’ ಎಂದು ಬರೆದೆ. ಹಿಮ್ಮು ಹೇಗೆ ನಡುವೆ ಕೂತಿದೆ ಎಂದು ಎರಡು ಸಲ ಓದಿ ಕಳಿಸಿದೆ. ‘ನೋಟೆಡ್. ಹೀ ಹ್ಯಾಸ್ ಬೀನ್ ಟೇಕನ್ ಆಫ್’ ಎಂದು ಉತ್ತರ ಬಂತು. ಆಫ್ ಅಂದರೆ ರಜೆ. ಭಾನುವಾರದ ವೀಕ್ಲಿ ಆಫನ್ನು ನಾನೂ ತೆಗೆದುಕೊಳ್ಳುವವನೇ. ನೆಮ್ಮದಿಯಾಗಿ ಚಹಾ ಕುಡಿದೆ.

ಐದನೆಯ ದಿನ ಬೆಳಿಗ್ಗೆ ಗೇಟಿನಿಂದ ಫೋನು ಬಂತು. ಅಂಜಯ್ಯನ ಪಾಸು ರದ್ದಾಗಿದೆ, ಕೆಲಸದಿಂದ ತೆಗೆದವರ ಪಟ್ಟಿಯಲ್ಲಿ ಹೆಸರಿದೆ, ಆದರೂ ಹೋಗದೆ ನಿಂತಿದ್ದಾನೆ ಎಂದು ಕಾವಲಿನವನು ಹೇಳಿದ. ಗಾಬರಿಯಲ್ಲಿ ‘ಐ ಡಿಡ್ ನಾಟ್ ಲೆಟ್ ಹಿಮ್ ಗೋ’ ಎಂದು ಕುಟ್ಟಿದೆ. ಎರಡು ನಿಮಿಷಕ್ಕೆ ಉತ್ತರ: ಹಾಗಾದರೆ ಆತ ಅನುಮತಿಯಿಲ್ಲದೆ ಹೋದನೇ? ಕೇಸು ಇನ್ನೂ ಗಂಭೀರವಾಯಿತು.

ಮೆಟ್ಟಿಲು ಹತ್ತಿ ಮೂರನೆಯ ಮಹಡಿಗೆ ಓಡಿದೆ. ಇ-ಮೇಲಿನಲ್ಲಿ ಮಾತ್ರ ಗೊತ್ತಿದ್ದ, ಸಿಬ್ಬಂದಿ ವಿಭಾಗದ ಸುಷ್ಮಾ ಮೇಡಂ ಅಲ್ಲಿದ್ದರು. ಏದುಸಿರಿನಲ್ಲಿ ಲೆಟ್, ಹಿಮ್, ಗೋ ಮೂರನ್ನೂ ಹಿಂದುಮುಂದಾಗಿ ಜೋಡಿಸಿ ನೋಡಿದೆ. ಆಗಲಿಲ್ಲ. “ಎಂಥಾ ಭಾಷಾ ಐತ್ಯೋ ಯಪ್ಪಾ ಇದು” ಎಂದು ನನ್ನಷ್ಟಕ್ಕೆ ಗೊಣಗಿದೆ.

“ಕನ್ನಡದಲ್ಲೇ ಹೇಳಿ ಸಾರ್, ನಾನು ಮೈಸೂರಿನವಳು” ಎಂದರು ಆಕೆ.

ಎರಡು ವರ್ಷದಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಇಂಗ್ಲಿಷ್ ಬರೆದುಕೊಂಡು ಕೂತಿದ್ದೆವು. ಅಳುವುದೋ ನಗುವುದೋ ತಿಳಿಯಲಿಲ್ಲ. “ನಾ ಅವ್ನ ತಗದ್ ಹಾಕಿಲ್ರಿ ಮೇಡಂ. ಮಗಳ ನಿಶ್ಚಯ ಐತಿ ಅಂದ, ನಾಕ್ ದಿನ ರಜಾ ಕೊಟ್ಟೀನಿ. ಭಾಳ ಚಲೋ ಮನಷ್ಯಾ ಅದಾನ್ರಿ.”

“ಅಯ್ಯೋ ರಾಮ. ಲೆಟ್ ಹಿಮ್ ಗೋ ಅಂದ್ರೆ ಕೆಲಸದಿಂದ ತೆಗೆದೆ ಅಂತ ಅರ್ಥ ಸಾರ್. ಮುಂದೆ ಆನ್ ಲೀವ್ ಅಂತ ಒಂದು ಹಾಕಿದ್ರೆ ಸರಿಹೋಗ್ತಿತ್ತು.”

“ಅಷ್ಟೇನ್ರಿ?”

“ಅಷ್ಟೇ.”

ನಾನು ಹಿಮ್ಮನ್ನು ನಡುವೆ ಕೂರಿಸುವುದರಲ್ಲೇ ಮೈಮರೆತು, ಅದರ ಮುಂದೆ ಯಾರು ಕೂತಿಲ್ಲವೆಂದು ನೋಡಿರಲಿಲ್ಲ. ಅವರು ಅಲ್ಲೇ ಪಾಸು ಸರಿಮಾಡಿಸಿದರು. ನಾನು ಗೇಟಿಗೆ ಇಳಿದೆ.

ಅಂಜಯ್ಯ ಒಬ್ಬನೇ ಇರಲಿಲ್ಲ. ಪಕ್ಕದಲ್ಲಿ ಬಿಳಿ ಅಂಗಿಯ ಒಬ್ಬರು ಕೊಡೆ ಹಿಡಿದು ನಿಂತಿದ್ದರು. ಮದುವೆ ಗಂಡಿನ ಅಣ್ಣ, ಹಳ್ಳಿಯ ಶಾಲೆಯ ಮೇಷ್ಟ್ರು. ಹೆಣ್ಣಿನ ತಂದೆ ದುಡಿಯುವ ದೊಡ್ಡ ಕಂಪನಿಯನ್ನು ಕಣ್ಣಾರೆ ನೋಡೋಣವೆಂದು ಜೊತೆಗೆ ಬಂದಿದ್ದರು. ಒಂದೂವರೆ ಗಂಟೆಯಿಂದ ನೋಡುತ್ತಿದ್ದುದು ಮುಚ್ಚಿದ ಗೇಟನ್ನು. ಅಂಜಯ್ಯ ನನ್ನನ್ನು ಕಂಡವನೇ ಮೆಲ್ಲಗೆ, “ಸಾರ್, ಪೊಮ್ಮನ್ನದಿ ಮೀರೇ ಕದಾ” ಎಂದ. ಹೋಗು ಅಂದವರು ನೀವೇ ಅಲ್ಲವೇ ಎಂಬ ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಮೇಷ್ಟ್ರು ನೇರವಾಗಿ ತೆಲುಗಿನಲ್ಲೇ ಕೇಳಿದರು: ಈತನಿಗೆ ಇಲ್ಲಿ ಕೆಲಸ ಇದೆಯೋ, ಇಲ್ಲವೋ?

ಕಂಪ್ಯೂಟರಿನ ತಪ್ಪು ಎನ್ನಬಹುದಿತ್ತು. ಆ ಕಾಲದಲ್ಲಿ ಹಾಗೆಂದರೆ ಯಾರೂ ಎದುರಾಡುತ್ತಿರಲಿಲ್ಲ. ಆದರೆ ಮೇಷ್ಟ್ರ ಮುಖದಲ್ಲಿ ಸುಳ್ಳು ಹೇಳಿದ ಹುಡುಗನನ್ನು ಹಿಡಿದಂಥ ನೋಟವಿತ್ತು, ಮತ್ತು ಆ ನೋಟ ಅಂಜಯ್ಯನ ಮೇಲಿತ್ತು. ನನಗೆ ಬರುವ ಮುರುಕು ತೆಲುಗಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ತಪ್ಪು ನನ್ನದು, ನನಗೆ ಇಂಗ್ಲಿಷ್ ಬರುವುದಿಲ್ಲ, ಅಂಜಯ್ಯನಂಥ ಡ್ರೈವರು ನನ್ನ ನಲವತ್ತರಲ್ಲಿ ಇನ್ನೊಬ್ಬನಿಲ್ಲ ಎಂದೆ. ನಾನು ಬರೆದದ್ದೇನೆಂದು ಮೇಷ್ಟ್ರು ಕೇಳಿದರು. ಹೇಳಿದೆ. ಅವರು ಕೊಡೆ ಮಡಚಿ, ಆರನೆಯ ತರಗತಿಯವರೂ ಹೀಗೇ ಬರೆಯುತ್ತಾರೆ ಎಂದರು. ಅಂಜಯ್ಯ ತಲೆ ತಗ್ಗಿಸಿ ನಕ್ಕ. ಕಾವಲಿನವನು ಗೇಟು ತೆಗೆದ.

ಎರಡು ತಿಂಗಳಿಗೆ ಮದುವೆಯಾಯಿತು. ನಾನೂ ಹೋದೆ. ಮೇಷ್ಟ್ರು ನನ್ನ ಕೈ ಹಿಡಿದು ಬೀಗರೆಲ್ಲರ ಎದುರು ನಿಲ್ಲಿಸಿ, ಇವರೇ ಅಂಜಯ್ಯನವರ ಸಾರು, ಇಂಗ್ಲಿಷ್ ಬರುವುದಿಲ್ಲ, ಆದರೆ ನಿಜ ಹೇಳುವ ಮನುಷ್ಯ ಎಂದು ಪರಿಚಯ ಮಾಡಿಕೊಟ್ಟರು. ಎಲ್ಲರೂ ಗೌರವದಿಂದ ಕೈಮುಗಿದರು. ನಾನು ಬಗಲಲ್ಲಿದ್ದ ಉಡುಗೊರೆಯ ಗಡಿಯಾರದ ಪೊಟ್ಟಣವನ್ನು ಹಿಂದಕ್ಕೆ ಮರೆಮಾಡಿ, ಅದಕ್ಕೆ ಅಂಟಿಸಿದ್ದ, ಹಿಂದಿನ ದಿನವೆಲ್ಲ ಕೂತು ವಧೂವರರಿಗೆ ಇಂಗ್ಲಿಷಿನಲ್ಲಿ ಹಾರೈಕೆ ಬರೆದಿದ್ದ ಕಾರ್ಡನ್ನು ಉಗುರಿನಿಂದ ಮೆಲ್ಲಗೆ ಕಿತ್ತು ಜೇಬಿಗೆ ಹಾಕಿಕೊಂಡೆ.