ಹನ್ನೆರಡೂವರೆ ಪಾವು ಗೇರ್ ಎಣ್ಣೆ

ಇದನ್ನು ಬರೆಯಲು ಕೂತು ಹತ್ತು ನಿಮಿಷವಾಗಿಲ್ಲ, ಆಗಲೇ ನಾಲ್ಕು ಸಲ ಎಬ್ಬಿಸಿದ್ದಾರೆ. ಗಂಡನಿಗೆ ಟಾರ್ಚು, ಅತ್ತೆಗೆ ಕನ್ನಡಕ, ಮಗಳಿಗೆ ಬಿಸ್ಕತ್ತು, ಮತ್ತೆ ಗಂಡನಿಗೆ ಟಾರ್ಚಿನ ಸೆಲ್ಲು. ನಾನು ಓದಿದ್ದು ಹತ್ತನೇ ಕ್ಲಾಸು, ಆಗ ತವರಲ್ಲೂ ಹೀಗೇ ಎಬ್ಬಿಸುತ್ತಿದ್ದರು. ನಾನು ಒಂದು ಕಡೆ ಕೂತೆನೆಂದರೆ ನಮ್ಮ ವಿದ್ಯಾರಣ್ಯಪುರಂ ಮನೆಯಲ್ಲಿ ಎಲ್ಲರಿಗೂ ಏನಾದರೊಂದು ಕೆಲಸ ನೆನಪಾಗುತ್ತದೆ. ಹೋದ ತಿಂಗಳು ಡ್ರೈವಿಂಗ್ ಟೆಸ್ಟಿಗೆ ಓದಲು ಕೂತಾಗ ಆದದ್ದನ್ನಾದರೂ ಐದನೇ ಸಲ ಎಬ್ಬಿಸುವ ಮೊದಲು ಬರೆದುಬಿಡುತ್ತೇನೆ.

೧. ಇಪ್ಪತ್ತು ನಿಮಿಷದ ಕೆಲಸ

ನನ್ನ ಗಂಡ ಮಿಕ್ಸಿ ರಿಪೇರಿ ಮಾಡುತ್ತಾರೆ. ಮನೆಯಲ್ಲಿರುವುದು ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರು. ಕ್ಲಚ್ ಇಲ್ಲ, ಗೇರ್ ತಾನೇ ಬದಲಾಗುತ್ತದೆ. ನಾನು ಕಲಿತದ್ದು ಅದೊಂದರಲ್ಲೇ. ಸೋಮವಾರ ಟೆಸ್ಟು, ಮಂಗಳವಾರಕ್ಕೆ ನನ್ನ ಎಲ್‌ಎಲ್‌ಆರ್ ಮುಗಿಯುತ್ತಿತ್ತು. ಲೈಸೆನ್ಸ್ ಸಿಕ್ಕರೆ ನಾನು ಹೊಲಿದ ಬ್ಲೌಸುಗಳನ್ನು ದೇವರಾಜ ಮೊಹಲ್ಲಾದ ಅಂಗಡಿಗೆ ನಾನೇ ಒಯ್ಯಬಹುದು. ಒಂದು ಕೈಯಲ್ಲಿ ಗಂಟು, ಒಂದು ಕೈಯಲ್ಲಿ ಮಗು ಹಿಡಿದು ಬಸ್ಸಿನಲ್ಲಿ ನೇತಾಡುವುದು ತಪ್ಪುತ್ತದೆ.

ಭಾನುವಾರ ಬೆಳಿಗ್ಗೆ ಇವರು, "ಗೇರ್ ಬದಲಾಗುವಾಗ ಗಾಡಿ ಬಿಕ್ಕಳಿಸ್ತದೆ ಕಣೇ. ಗೇರ್ ಎಣ್ಣೆ, ಫಿಲ್ಟರ್ ಎರಡೂ ಇವತ್ತೇ ಬದಲಾಯಿಸ್ತೀನಿ" ಅಂದರು.

"ನಾಳೆ ಟೆಸ್ಟು ಕಣ್ರೀ. ಬಿಕ್ಕಳಿಸಿದ್ರೆ ಬಿಕ್ಕಳಿಸ್ಲಿ, ನೀರು ಕುಡಿಸ್ತೀನಿ."

"ವಿಡಿಯೋ ನೋಡಿದೀನಿ. ಇಪ್ಪತ್ತೇ ನಿಮಿಷದ ಕೆಲಸ."

"ವಿಡಿಯೋದಲ್ಲಿ ಹೆರಿಗೇನೂ ಇಪ್ಪತ್ತೇ ನಿಮಿಷ!"

೨. ಎಣ್ಣೆ ಸ್ನಾನ

ಗೇರ್ ಬಾಕ್ಸಿನ ತಳದಲ್ಲಿ ಎಣ್ಣೆ ನಿಲ್ಲುವ ಕಬ್ಬಿಣದ ಟ್ರೇ ಇರುತ್ತದೆ. ಅದರ ಸುತ್ತಲೂ ಬೋಲ್ಟು. ಇವರು ಮಗಳ ಸ್ನಾನದ ಟಬ್ಬನ್ನು ಕೆಳಗಿಟ್ಟು, ಒಂದು ಕಡೆಯ ಬೋಲ್ಟುಗಳನ್ನೆಲ್ಲ ಬಿಚ್ಚಿ, ಇನ್ನೊಂದು ಕಡೆಯವನ್ನು ಬಿಚ್ಚಲು ತಲೆಯನ್ನು ಟಬ್ಬಿನ ಪಕ್ಕಕ್ಕೇ ತಂದರು. ಟ್ರೇ ವಾಲಿತು. ಬಹುಪಾಲು ಎಣ್ಣೆ ಟಬ್ಬಿಗೆ, ಉಳಿದ ಚೂರು ನೆತ್ತಿಗೆ.

ಕಾರಿನ ಕೆಳಗಿನಿಂದ ತೊಟ್ಟಿಕ್ಕುತ್ತಾ ಬಂದ ಅಪ್ಪನನ್ನು ನೋಡಿ ನಾಲ್ಕು ವರ್ಷದ ಮಗಳು ಚಪ್ಪಾಳೆ ತಟ್ಟಿದಳು. "ಅಮ್ಮಾ, ಅಪ್ಪಂಗೆ ದೀಪಾವಳಿ!"

೩. ತಳ ಬೆಳಗಿದ್ದು

ನಾನು ಟ್ರಾಫಿಕ್ ಚಿಹ್ನೆಗಳ ಪುಸ್ತಕ ಹಿಡಿದು ಕೂತಿದ್ದೆ. "ಬಾರೇ, ಈ ಟ್ರೇ ತೊಳ್ಕೊಡು. ಪಾತ್ರೆ ತೊಳೆಯೋದ್ರಲ್ಲಿ ನಿನ್ನ ಮೀರಿಸೋರಿಲ್ಲ" ಎಂದು ಎಬ್ಬಿಸಿದರು. ಹೊಗಳಿದರೆ ನಾನು ಕರಗುವವಳಲ್ಲ, ಆದರೆ ಗಾಡಿ ಬೇಕಿತ್ತಲ್ಲ.

ಸೋಪು, ನಾರು ಹಾಕಿ ಉಜ್ಜಿದೆ. ತಳದಲ್ಲಿ ಮಸಿಮುದ್ದೆಯಂಥ ಬಿಲ್ಲೆಯೊಂದು ಕಚ್ಚಿಕೊಂಡಿತ್ತು. ಸೌಟಿನ ಹಿಡಿಯಿಂದ ಮೀಟಿ ಕಿತ್ತು, ಅದನ್ನೂ ತೊಳೆದು ಕಟ್ಟೆಯ ಮೇಲೆ ಒಣಗಲು ಇಟ್ಟೆ. ಇವರು ಟ್ರೇಯಲ್ಲಿ ಮುಖ ನೋಡಿಕೊಂಡು, "ಕನ್ನಡಿ ಕಣೇ!" ಅಂದರು.

"ನಾನು ತೊಳೆದ ಮೇಲೆ ತಳದಲ್ಲಿ ಏನೂ ಉಳಿಯಲ್ಲ ಕಣ್ರೀ" ಅಂದೆ, ಜಂಬದಿಂದ.

೪. ಅತ್ತೆಯ ಪಾವು

ಹೊಸ ಫಿಲ್ಟರ್ ಕೂತಿತು, ಟ್ರೇಯೂ ಕೂತಿತು. ಇನ್ನು ಹೊಸ ಎಣ್ಣೆ. ನಮ್ಮ ಗಾಡಿಗೆ ಎಣ್ಣೆ ನೋಡುವ ಕಡ್ಡಿಯೇ ಇಲ್ಲ. ಎಷ್ಟು ಇಳಿಯಿತೋ ಅಷ್ಟೇ ಹಾಕಬೇಕು. ಹೆಚ್ಚಾದರೂ ಕೆಡುತ್ತದೆ, ಕಡಿಮೆಯಾದರೂ ಕೆಡುತ್ತದೆ. ಇವರು ಅಳೆಯಲು ಹೋದರೆ ಟಬ್ಬು ಖಾಲಿ. ತೊಳೆದು ಬೋರಲು ಹಾಕಿತ್ತು.

"ಅಮ್ಮಾ, ಎಣ್ಣೆ?" ಎಂದು ಅತ್ತೆಯನ್ನು ಕೇಳಿದರು.

"ದಂಡವಾಗ್ತಿತ್ತು, ಹಂಚ್ಬುಟ್ಟೆ ಕಣಪ್ಪ. ಪಕ್ಕದ ಮನೆ ಗೇಟಿಗೆ, ಎದುರು ಮನೆ ಮಂಚದ ಗೆದ್ದಲಿಗೆ, ನಮ್ಮ ಹಿತ್ತಿಲ ಬಾಗಿಲಿಗೆ."

ಇವರು ತಲೆ ಮೇಲೆ ಕೈ ಹೊತ್ತು ಕೂತರು. ನನ್ನ ಲೈಸೆನ್ಸ್ ಗೆದ್ದಲಿನ ಬಾಯಿಗೆ ಬಿತ್ತು ಎಂದು ನಾನೂ ಕೂತೆ. ಅತ್ತೆಗೆ ರೇಗಿತು. "ಅಳೀದೆ ಕೊಡೋಕೆ ನನಗೇನು ಹುಚ್ಚೇ? ಗೇಟಿಗೆ ಮೂರು ಪಾವು, ಮಂಚಕ್ಕೆ ಐದು, ಬಾಗಿಲಿಗೆ ನಾಲ್ಕು."

ಕಾಫಿಪುಡಿ ಕೇಳಲು ಬಂದವರಿಗೂ ಪಾವಿನ ಬಾಯಿ ಸವರಿ ಅಳೆದು ಕೊಡುವ ಅತ್ತೆಯ ಮೇಲೆ ಆವತ್ತು ಮೊದಲ ಸಲ ಪ್ರೀತಿ ಉಕ್ಕಿತು. ಅದೇ ಪಾವು, ಅಡುಗೆಮನೆಯ ಲಾಳಿಕೆ ಹಿಡಿದು ಇವರು ಹೊಸ ಎಣ್ಣೆ ಹುಯ್ದರು. ಅತ್ತೆ "ಒಂದೂ... ಎರಡೂ..." ಎಂದು ಎಣಿಸುತ್ತಾ ಹೋದರು. ಹನ್ನೆರಡಕ್ಕೆ ಇವರು ಕೈ ತೆಗೆದರು.

"ತಡೀರಿ," ಅಂದೆ. "ನಿಮ್ಮ ನೆತ್ತಿಗೆ ಹೋದದ್ದು?"

ಅತ್ತೆ ಮಗನ ತಲೆಯನ್ನು ಸವರಿ ನೋಡಿ ತೀರ್ಪು ಕೊಟ್ಟರು: "ಅರ್ಧ ಪಾವು."

೫. ಟೆಸ್ಟು

ಸೋಮವಾರ ಗಾಡಿ ಬೆಣ್ಣೆಯಲ್ಲಿ ಕೈ ಆಡಿಸಿದ ಹಾಗೆ ಓಡಿತು. ಒಂದು ಬಿಕ್ಕಳಿಕೆ ಇಲ್ಲ. ಇನ್‌ಸ್ಪೆಕ್ಟರು, "ಗಾಡಿ ಚೆನ್ನಾಗಿಟ್ಟಿದ್ದೀರಮ್ಮ, ಸರ್ವೀಸ್ ಎಲ್ಲಿ?" ಎಂದು ಕೇಳಿದರು.

"ಮನೇಲೇ ಸರ್. ಹನ್ನೆರಡೂವರೆ ಪಾವು ಎಣ್ಣೆ ಹಿಡೀತು."

ಅವರು ಇನ್ನೇನೂ ಕೇಳದೆ ಪಾಸು ಮಾಡಿದರು.

೬. ಫ್ರಿಜ್ಜಿನ ಬಾಗಿಲು

ಪಾಸಾದ ಚೀಟಿಯನ್ನು ಸಂಜೆ ಮಗಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಇವರು ಅದೇ ವಿಡಿಯೋವನ್ನು ಹೆಮ್ಮೆಯಿಂದ ಮತ್ತೆ ನೋಡುತ್ತಿದ್ದರು. ಇದ್ದಕ್ಕಿದ್ದ ಹಾಗೆ ಕೂಗಿದರು: "ನೋಡೇ, ಇವನ ಟ್ರೇ ತಳದಲ್ಲಿ ಮ್ಯಾಗ್ನೆಟ್ ಇದೆ! ಸವೆದ ಕಬ್ಬಿಣದ ಪುಡಿ ಹಿಡ್ಕೊಳ್ಳೋಕಂತೆ. ನಮ್ದರಲ್ಲಿ ಇರಲೇ ಇಲ್ಲ. ನಮಗೆ ಗಾಡಿ ಮಾರಿದೋನು ಕಿತ್ಕೊಂಡಿದಾನೆ, ಕಳ್ಳ!"

ನಾನು ಫ್ರಿಜ್ಜಿನ ಕಡೆ ನೋಡಿದೆ. ಚೀಟಿಯ ಮೇಲೆ ದುಂಡಗೆ, ಕಪ್ಪಗೆ, ನಾನೇ ಉಜ್ಜಿ ತೊಳೆದ ಬಿಲ್ಲೆ.

ಇವರು ತಣ್ಣೀರಿಗೆ ಎದ್ದು ಹೋದರು. ಚೀಟಿ ಓದಲು ಬಿಲ್ಲೆಯನ್ನು ಎಳೆದರು. ಬರಲಿಲ್ಲ. ಎರಡು ಕೈಯಲ್ಲಿ ಎಳೆದರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಟ್ರಾಫಿಕ್ ಚಿಹ್ನೆಗಳ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದೆ.

"ಏನು ಗಟ್ಟಿ ಇದೆಯೇ ಇದು! ಎಲ್ಲಿ ಸಿಕ್ತು ನಿಂಗೆ?"