ಕಾಕಾನ ನಕ್ಷತ್ರ, ಆಯಿಯ ಮಾಳಿಗಿ

ಮನೆಯಲ್ಲಿ ಒಬ್ಬರಿಗೆ ಆಕಾಶದ ಹುಚ್ಚು ಹಿಡಿದರೆ ಉಳಿದವರ ಹಪ್ಪಳ-ಶಾವಿಗೆಗೂ ಅದು ತಟ್ಟುತ್ತದೆ. ನಮ್ಮ ಮನೆಯಲ್ಲಂತೂ ಆಗಾಗ ತಟ್ಟುತ್ತಲೇ ಇತ್ತು.

ಗೋಕಾಕದಲ್ಲಿ ನಮ್ಮ ಕಾಕಾನ ಫೋಟೋ ಸ್ಟುಡಿಯೋ ಇತ್ತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಗೋಕಾಕ ಫಾಲ್ಸಿನ ಗಿರಣಿಯ ಸಾಹೇಬನೊಬ್ಬ ವಿಲಾಯತಿಗೆ ಹೊರಟಾಗ ಒಂದು ದೊಡ್ಡ ಲೆನ್ಸನ್ನೂ, ನಕ್ಷತ್ರಗಳ ಫೋಟೋ ತೆಗೆಯುವ ಬಗೆಗಿನ ಒಂದು ಇಂಗ್ಲಿಷ್ ಪುಸ್ತಕವನ್ನೂ ಕಾಕಾನಿಗೆ ಕೊಟ್ಟು ಹೋದ. ಲೆನ್ಸು ಕಾಕಾನ ಪಾಲಿಗೆ, ಪುಸ್ತಕ ನನ್ನ ಪಾಲಿಗೆ. ಮನೆಯಲ್ಲಿ ಕಾನ್ವೆಂಟಿಗೆ ಹೋಗಿ ಬಂದವಳು ನಾನೊಬ್ಬಳೇ. ನಾನು ಓದಿ ಹೇಳುವುದು, ಅವನು ಮಾಡುವುದು. ಅದಕ್ಕಿಂತ ಹೆಚ್ಚಿನ ಮಾತನ್ನು ನನ್ನಿಂದ ಯಾರೂ ಬಯಸುತ್ತಿರಲಿಲ್ಲ. ನನಗೂ ಅದೇ ಅನುಕೂಲವಾಗಿತ್ತು.

ಮೊದಲ ಫೋಟೋ

ಚಳಿಗಾಲದಲ್ಲಿ ಸಂಜೆಯಾಗುತ್ತಲೇ ಮೂರು ಚುಕ್ಕಿ ಸಾಲಾಗಿ ಮೇಲೇಳುತ್ತವಲ್ಲ, ಅವುಗಳ ಕೆಳಗೆ ಒಂದು ಮಸುಕು ಬೆಳಕಿದೆ. ಬರಿಗಣ್ಣಿಗೆ ಕಂಡೂ ಕಾಣದಂಥದ್ದು, ಮನುಷ್ಯರೆಲ್ಲ ಹುಟ್ಟುವುದಕ್ಕೆ ಮೊದಲಿಂದಲೂ ಅಲ್ಲೇ ಇರುವಂಥದ್ದು ಎಂದು ಪುಸ್ತಕ ಹೇಳುತ್ತಿತ್ತು. ಕಾಕಾನಿಗೆ ಅದರದೇ ಫೋಟೋ ಬೇಕು. ಕ್ಯಾಮೆರಾವನ್ನು ಮಾಳಿಗೆಗೆ ಒಯ್ದು ಬಹಳ ಹೊತ್ತು ಲೆನ್ಸು ತೆರೆದಿಟ್ಟ. ಆಕಾಶ ತಿರುಗಿತು, ಕ್ಯಾಮೆರಾ ತಿರುಗಲಿಲ್ಲ. ನಕ್ಷತ್ರಗಳೆಲ್ಲ ಉದ್ದುದ್ದ ಗೆರೆಗಳಾಗಿ ಬಂದವು.

ಮಾಳಿಗೆ ಅಜ್ಜಿಯದು. ನಾವೆಲ್ಲ ಆಕೆಗೆ ಆಯಿ ಅನ್ನುತ್ತಿದ್ದೆವು. ಬಿಸಿಲು ಬಲಿತರೆ ಅಲ್ಲಿ ಆಕೆಯ ಹಪ್ಪಳ ಒಣಗಬೇಕು. ಫೋಟೋದಲ್ಲಿ ಬಂದದ್ದೇ ಖರೆ ಎಂದು ನಂಬಿದವಳು. ಆದ್ದರಿಂದ ಕರಾರೂ ಹಾಗೇ ಹಾಕಿದಳು: ಆ ಕಾಣದ್ದು ಶಿವರಾತ್ರಿಯೊಳಗೆ ಫೋಟೋದಲ್ಲಿ ಕಂಡರೆ ಮಾಳಿಗೆ ಕಾಕಾನದು, ಇಲ್ಲವಾದರೆ ಎಲ್ಲ ಸಾಮಾನು ಕೆಳಗಿಳಿಯಬೇಕು. ಆಮೇಲೆ ಗೆರೆಗಳ ಫೋಟೋವನ್ನು ಕಣ್ಣಿಗೆ ಹಿಡಿದು ನೋಡಿದಳು.

“ಶಾವಿಗಿ ಹದಕ್ಕ ಒಣಗ್ಯಾವ. ಯಾರ ಮನೀವು?”

ಮುದಲಗಿಯ ಬಡಿಗ

ಕ್ಯಾಮೆರಾ ಆಕಾಶದ ಜೊತೆ ತಿರುಗಬೇಕು, ತಿರುಗುವ ಕಂಬ ಧ್ರುವ ನಕ್ಷತ್ರದ ಕಡೆ ಮುಖ ಮಾಡಿರಬೇಕು ಎಂದು ಓದಿ ಹೇಳಿದೆ. ನಮ್ಮ ಕಡೆ ಧ್ರುವ ಬಹಳ ಕೆಳಗೆ, ಹೀಗಾಗಿ ಕಂಬ ಹೆಚ್ಚುಕಡಿಮೆ ಮಲಗಿದಂತೆಯೇ ಇರಬೇಕು. ಕಾಕಾ ನಕ್ಷೆ ಬರೆದು ಮುದಲಗಿಯ ಹೆಸರುವಾಸಿ ಬಡಿಗನಿಗೆ ಕೊಟ್ಟ. ಸ್ಟ್ಯಾಂಡು ಬಂತು, ಕಂಬ ದೀಪಸ್ತಂಭದ ಹಾಗೆ ನೆಟ್ಟಗೆ ನಿಂತಿತ್ತು.

“ಕಾಗದದಾಗ ಕಂಬ ಬಿದ್ದಿತ್ರಿ, ನಾ ನಿಂದ್ರಿಸೇನಿ,” ಎಂದ ಬಡಿಗ, ದನಿ ತಗ್ಗಿಸಿ. “ನೀವು ತಪ್ಪು ಬರದದ್ದು ಮುದಲಗ್ಯಾಗ ಯಾರ ಮುಂದೂ ಹೇಳಿಲ್ರಿ.”

ವಾರೆ ಕೆಲಸಕ್ಕೆ ತನ್ನ ಹೆಸರು ಅಂಟಬಾರದೆಂದು ಅವನ ಹಟ. ಕೊನೆಗೆ ಕಾಕಾ ಇಡೀ ಸ್ಟ್ಯಾಂಡನ್ನೇ ಜೋಳದ ಚೀಲದ ಮೇಲೆ ಒರಗಿಸಿ, ಕೆಳಗೆ ಆಯಿಯ ಹಪ್ಪಳದ ಮಣೆ ಕೊಟ್ಟು, ಧ್ರುವನಿಗೆ ಸರಿಹೊಂದಿಸಿದ. ಮುಂದಿನ ಸಂತೆಗೆ ಬಂದ ಬಡಿಗ ತನ್ನ ಕೆಲಸ ನೋಡಲು ಮಾಳಿಗೆ ಹತ್ತಿದ. ಪಾಪ, ಬಿದ್ದಿದೆ ಅಂದುಕೊಂಡು ಎತ್ತಿ ನಿಲ್ಲಿಸಿ, ಮಣೆಯನ್ನು ಒರೆಸಿ ಆಯಿಗೆ ಕೊಟ್ಟು, ಚಹಾ ಕುಡಿದು ಹೋದ.

ಹುಕ್ಕೇರಿಯ ಕತ್ತಲೆ

ಗೋಕಾಕದ ಪೇಟೆಯ ದೀಪಗಳಿಂದ ಕ್ಯಾಮೆರಾದೊಳಗಿನ ಗಾಜಿನ ಪ್ಲೇಟು ಮಬ್ಬಾಗುತ್ತಿತ್ತು. ಹುಕ್ಕೇರಿಯಲ್ಲಿ ಕಾಕಾನ ಗೆಳೆಯನೊಬ್ಬ ಜೈನ ವ್ಯಾಪಾರಿ. ಆ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿದು, ಒಲೆಯೂ ಆರಿರುತ್ತದೆ. ಇದಕ್ಕಿಂತ ಒಳ್ಳೆಯ ಕತ್ತಲೆ ಎಲ್ಲಿ ಸಿಕ್ಕೀತು? ಎಲ್ಲವನ್ನೂ ಬಸ್ಸಿನ ಮೇಲೆ ಹೇರಿಕೊಂಡು ಹೋದೆವು.

ಅವರ ಮಾಳಿಗೆಯ ಮೇಲೆ, ಆಗಷ್ಟೇ ಮೂಡಿದ ನಕ್ಷತ್ರಗಳಿಗೆ ಗುರಿ ಹಿಡಿದು ಕಾಕಾ ಲೆನ್ಸು ತೆರೆದ. ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಹಗಲಾಯಿತು. ಯಜಮಾನರು ಪೆಟ್ರೊಮ್ಯಾಕ್ಸ್ ದೀಪ ಹಿಡಿದು ಮುಂದೆ, ರೇಶ್ಮೆ ಉಟ್ಟ ಮನೆಮಂದಿಯೆಲ್ಲ ಹಿಂದೆ. ಕತ್ತಲಲ್ಲಿ ಗೆಳೆಯ ಪಡುವ ಕಷ್ಟ ಅವರಿಗೆ ನೋಡಲಾಗಿರಲಿಲ್ಲ. ಕಾಕಾ ಬಾಯಿ ತೆರೆಯುವ ಮೊದಲೇ ಎಲ್ಲರೂ ಕ್ಯಾಮೆರಾದ ಮುಂದೆ ಸಾಲಾಗಿ ನಿಂತಾಗಿತ್ತು.

ಪ್ಲೇಟಿನಲ್ಲಿ ಒಂದು ನಕ್ಷತ್ರವೂ ಬರಲಿಲ್ಲ. ಯಜಮಾನರ ರುಮಾಲಿನ ತುದಿ ಬಂದಿತ್ತು. ಅವರು ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು.

ಶಿವರಾತ್ರಿ

ಹಬ್ಬದ ಹಿಂದಿನ ದಿನ, ಊಟವಾದ ಮೇಲೆ, ನಮ್ಮ ಮಾಳಿಗೆಯಲ್ಲೇ ಕಡೆಯ ಪ್ಲೇಟು. ಪುಣ್ಯಕ್ಕೆ ಅಂದು ಪೇಟೆಯಲ್ಲಿ ಕರೆಂಟು ಇರಲಿಲ್ಲ. ಮತ್ತೆ ಚೀಲಕ್ಕೆ ಒರಗಿಸಿದ ಸ್ಟ್ಯಾಂಡಿಗೆ ಸಣ್ಣ ದುರ್ಬೀನೊಂದನ್ನು ಬಿಗಿದು, ಅದರಲ್ಲಿ ಒಂದು ನಕ್ಷತ್ರವನ್ನು ನೋಡುತ್ತ, ಕಾಕಾ ಕಂಬವನ್ನು ಕೈಯಿಂದಲೇ ತಿರುಗಿಸಿದ. ಅವನು ಉಸಿರು ಹಿಡಿದದ್ದು ನೋಡಿ ನಾನೂ ಹಿಡಿದೆ. ಪ್ಲೇಟಿನಲ್ಲಿ ಬೆಳಕು ಕಪ್ಪಾಗಿ ಬೀಳುತ್ತದೆ; ತೊಳೆದಾಗ ನಕ್ಷತ್ರಗಳು ಸಾಸಿವೆಯ ಹಾಗೆ ದುಂಡಗೆ ಮೂಡಿದ್ದವು. ನಡುವೆ ಆ ಮಸುಕು ಬೆಳಕು, ಹಿಂಜಿದ ಅರಳೆಯಂತೆ ಹರಡಿಕೊಂಡು. ಕಾಕಾ ಪ್ಲೇಟನ್ನು ಒಣಗಲು ಇಟ್ಟು, ಮತ್ತೆ ಮತ್ತೆ ಬಂದು ನೋಡಿಹೋದ.

ಸ್ಟುಡಿಯೋದಲ್ಲಿ ಪ್ಲೇಟು ತಿದ್ದುವ ಮಾಸ್ತರರೊಬ್ಬರಿದ್ದರು. ಮದುವೆಯ ವಯಸ್ಸಿಗೆ ಬಂದ ಹುಡುಗಿಯರ ಮುಖದ ಸಿಡುಬಿನ ಕಲೆ, ಮಚ್ಚೆ ಎಲ್ಲ ಅವರ ಬ್ಲೇಡು-ಪೆನ್ಸಿಲಿಗೆ ಮಾಯವಾಗುತ್ತಿದ್ದವು. ಒಣಗಿದ ಪ್ಲೇಟು ಕಂಡರೆ ಯಾರದೆಂದು ಕೇಳುವ ರೂಢಿ ಅವರಿಗಿರಲಿಲ್ಲ. ಬೆಳಿಗ್ಗೆ ಕಾಕಾ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು.

“ಯಾರ ಮಾರಿ ಅಂತ ತಿಳೀಲಿಲ್ರಿ,” ಎಂದರು. “ಆದ್ರ ಕಲಿ ಭಾಳ ಇದ್ದೂ. ಎಲ್ಲಾ ಕೆರದು ತಗದೇನಿ. ನಡುವಿಂದೊಂದು ಹೋಗವಲ್ದು, ಅದು ಹುಟ್ಟಿದ ಮಚ್ಚಿ ಇದ್ದೀತು.”

ಶಿವರಾತ್ರಿ ಬಂದೇಬಿಟ್ಟಿತ್ತಲ್ಲ, ಕಾಕಾ ಇದ್ದದ್ದನ್ನೇ ಫೋಟೋ ಕಾಗದಕ್ಕೆ ಇಳಿಸಿದ: ಕಪ್ಪು ಆಕಾಶ, ಒಂದೂ ನಕ್ಷತ್ರವಿಲ್ಲ, ನಡುವೆ ಬೆಳ್ಳಗಿನ ಒಂದು ಮಸುಕು. ಮಾಳಿಗೆ ಖಾಲಿ ಮಾಡಲು ಹಗ್ಗವನ್ನೂ ತೆಗೆದಿಟ್ಟು, ಫೋಟೋವನ್ನು ಆಯಿಯ ಕೈಗೆ ಕೊಟ್ಟ.

ಆಯಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಹೊರಗೆ ರಣಬಿಸಿಲು. ಅದನ್ನೂ ನೋಡಿದಳು. ಮತ್ತೆ ಫೋಟೋ ನೋಡಿದಳು.

“ಮೋಡ ಆಗೇತಿ,” ಎಂದಳು. “ಫೋಟೋದಾಗ ಬಂದೈತಿ ಅಂದ್ರ ಖರೇನ. ಇದು ಹೋಗೂತನಕಾ ಹಪ್ಪಳ ಇಡೂದು ಬ್ಯಾಡ. ಮಾಳಿಗಿ ನೀನ ಇಟ್ಟುಕೋ.”

ಕಾಕಾ ಹಗ್ಗವನ್ನು ಮೆಲ್ಲಗೆ ಹಿಂದೆ ಸರಿಸಿದ. ಆಯಿ ನನ್ನ ಕಡೆ ತಿರುಗಿದಳು.

“ನೀ ಇಂಗ್ರೇಜಿ ಓದಿದಾಕಿ. ಎಂದ ಹೋಗತೈತಿ ಈ ಮೋಡ?”

ಪುಸ್ತಕದಲ್ಲಿ ಅದರ ವಯಸ್ಸು ಬರೆದಿತ್ತು. ನಾನು ಓದಿದ್ದೆ.

“ಸ್ವಲ್ಪ ತಡಾ ಆಗತೈತಿ, ಆಯಿ,” ಎಂದೆ.